ಪೈಪ್ ಮಾಡಲು ಯಾವ ಲೇತ್? 70 ಸಾವಿರದೊಳಗೆ ಆಗುತ್ತಾ?

ಓದುಗರ ಪ್ರಶ್ನೆ: "ನಾನು ತೀರ್ಥಹಳ್ಳಿ ತಾಲ್ಲೂಕಿನವನು, ಅಡಿಕೆ ತೋಟ ಇದೆ. ಹಳೆಯ ತಂಬಾಕು ಪೈಪ್‌ಗಳನ್ನು ರಿಪೇರಿ ಮಾಡಿಕೊಡುವ ಹವ್ಯಾಸ ಬೆಳೆಸಿಕೊಂಡಿದ್ದೇನೆ. ಈಗ ಹೊಸ ಪೈಪ್ ಮಾಡುವ ಆಸೆ. ಎಲ್ಲ ಸೇರಿ 70 ಸಾವಿರ ಎತ್ತಿಟ್ಟಿದ್ದೇನೆ. ಮೂರು ಲೇತ್ ನೋಡಿದ್ದೇನೆ. ಶಿವಮೊಗ್ಗದ ಒಂದು ವರ್ಕ್‌ಶಾಪ್‌ನಲ್ಲಿ ನಾಲ್ಕೂವರೆ ಅಡಿ ಬೆಡ್‌ನ ಹಳೇ ಲೇತ್, ತ್ರೀ ಫೇಸ್ ಮೋಟರ್, 60 ಸಾವಿರ ಹೇಳುತ್ತಾರೆ. ಆನ್‌ಲೈನ್‌ನಲ್ಲಿ 7 ಇಂಟು 12 ಇಂಚಿನ ಮಿನಿ ಲೇತ್, 66 ಸಾವಿರ. ಬೆಂಗಳೂರಿನ ಅಂಗಡಿಯಲ್ಲಿ ಮರಗೆಲಸದ ಲೇತ್, 12 ಇಂಚು ಸ್ವಿಂಗ್, ಸೆಂಟರ್ ದೂರ 18 ಇಂಚು, 28 ಸಾವಿರ. ಮೆಟಲ್ ಲೇತ್ ಇಲ್ಲದೆ ಪೈಪ್ ಆಗುವುದೇ ಇಲ್ಲ ಎಂದು ಒಬ್ಬರು ಹೇಳಿದರು. ಮರದ ಕೆಲಸಕ್ಕೆ ಮರದ ಲೇತೇ ಸಾಕು ಎಂದು ಇನ್ನೊಬ್ಬರು. ಮನೆಯಲ್ಲಿ ಸಿಂಗಲ್ ಫೇಸ್ ಇದೆ, ತೋಟದ ಪಂಪ್‌ಸೆಟ್‌ಗೆ ತ್ರೀ ಫೇಸ್ ಇದೆ. ಬೀಟೆ, ಶಿವನಿ ಮರದಲ್ಲೂ ಮಾಡಬಹುದಾ? ಒಮ್ಮೆ ದುಡ್ಡು ಹಾಕಿದರೆ ಮತ್ತೆ ಹಾಕುವ ಶಕ್ತಿ ಇಲ್ಲ. ದಾರಿ ತೋರಿಸಿ."

ಉತ್ತರ:

ನಿಮ್ಮ ಆತಂಕ ಅರ್ಥವಾಯಿತು. ಮೂರೂ ಯಂತ್ರಗಳು ನಿಮ್ಮ ಕೈಗೆ ಎಟಕುವ ಹಾಗೆ ಕಾಣುತ್ತವೆ. ಆದರೆ ಯಾವುದನ್ನು ತಪ್ಪಾಗಿ ಆರಿಸಿದರೂ ಅದು ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ. ನಾನು ಟರ್ನಿಂಗ್ ಕೆಲಸದಲ್ಲೇ ಬೆಳೆದವನು. ಕಬ್ಬಿಣದ ಲೇತ್ ಮೇಲೆ ನನಗೆ ಪ್ರೀತಿ ಜಾಸ್ತಿ. ಹಾಗಿದ್ದೂ ನಿಮ್ಮ ವಿಷಯದಲ್ಲಿ ಮರಗೆಲಸದ ಲೇತ್ ಕಡೆಗೇ ಕೈ ತೋರಿಸುತ್ತೇನೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಾರಣ ತಿಳಿದರೆ ನಾಳೆ ನಾಲ್ಕನೇ ಯಂತ್ರ ಕಣ್ಣಿಗೆ ಬಿದ್ದಾಗಲೂ ನೀವೇ ತೀರ್ಮಾನ ಮಾಡಬಹುದು.

ಮೊದಲು ಪೈಪ್ ಅಂದರೆ ಲೇತ್‌ಗೆ ಏನು ಕೆಲಸ ಅಂತ ನೋಡೋಣ. ರಿಪೇರಿ ಮಾಡಿದವರಿಗೆ ಒಳಗಿನ ರಚನೆ ಗೊತ್ತಿರುತ್ತದೆ. ತಂಬಾಕು ತುಂಬುವ ಬಟ್ಟಲು ಸುಮಾರು 19–20 ಮಿಮೀ ಅಗಲ, 35ರಿಂದ 40 ಮಿಮೀ ಆಳ. ಅದರ ತಳಕ್ಕೆ ಬಂದು ಸೇರುವ ಹೊಗೆದಾರಿ 3.5ರಿಂದ 4 ಮಿಮೀ. ಕುತ್ತಿಗೆಯ ತುದಿಯಲ್ಲಿ ಸ್ಟೆಮ್ (ಬಾಯಲ್ಲಿ ಇಟ್ಟುಕೊಳ್ಳುವ ಕೊಳವೆ) ಕೂರಲು ಸಾಮಾನ್ಯವಾಗಿ 8 ಮಿಮೀ ತೂತು. ಕುತ್ತಿಗೆಯ ಮುಖ ಆ ತೂತಿಗೆ ಸರಿಯಾಗಿ 90 ಡಿಗ್ರಿಯಲ್ಲಿ ಚಪ್ಪಟೆ ಇರಬೇಕು. ಇಲ್ಲದಿದ್ದರೆ ಸ್ಟೆಮ್ ಸೇರುವಲ್ಲಿ ಬೆಳಕು ಕಾಣುತ್ತದೆ. ಲೇತ್ ಇಲ್ಲದೆ ಕಷ್ಟವಾಗುವುದು ಇಷ್ಟೇ. ಹೊರಗಿನ ಆಕಾರದ ಬಹುಪಾಲು ಅರ, ಸ್ಯಾಂಡರ್ ಮತ್ತು ಕೈಯಲ್ಲೇ ಆಗುತ್ತದೆ. ಯಂತ್ರ ಹಾಕಿದ ತಕ್ಷಣ ಪೈಪ್ ಹೊರಗೆ ಬರುತ್ತದೆ ಅಂತ ಅಂದುಕೊಂಡವರು ಮೊದಲ ವಾರದಲ್ಲೇ ಬೇಸರಪಡುತ್ತಾರೆ.

ಈ ತೂತುಗಳು ಸೇರುವ ಜಾಗ ಎಲ್ಲಕ್ಕಿಂತ ಮುಖ್ಯ. ಹೊಗೆದಾರಿ ಬಟ್ಟಲಿನ ತಳದ ನಡುವಿಗೇ ಬಂದು ತೆರೆದುಕೊಳ್ಳಬೇಕು. ಎರಡು ಮೂರು ಮಿಲಿಮೀಟರ್ ಮೇಲೆ ಬಂದರೆ ತಳದ ತಂಬಾಕು ಉರಿಯುವುದೇ ಇಲ್ಲ. ಅಲ್ಲಿ ತೇವ ನಿಂತು ಹೊಗೆ ಕಹಿಯಾಗುತ್ತದೆ, ಪೈಪ್ ಗೊರಗೊರ ಅನ್ನುತ್ತದೆ. ಕೆಳಗೆ ಹೋದರೆ ತಳ ತೆಳುವಾಗಿ ಸುಟ್ಟು ತೂತಾಗುವ ಭಯ. ತಳಕ್ಕೂ ಗೋಡೆಗೂ ಕನಿಷ್ಠ 6–7 ಮಿಮೀ ಮರ ಉಳಿಯಬೇಕು. ಪಕ್ಕಕ್ಕೆ ಸರಿದರಂತೂ ಯಾವ ಪಾಲಿಶ್ ಹಾಕಿದರೂ ಆ ಪೈಪ್ ಕೈಬಿಡಬೇಕಾದದ್ದೇ. ಅಂದರೆ ನೀವು ಕೊಳ್ಳುತ್ತಿರುವುದು ಎರಡು ನೇರ ತೂತುಗಳನ್ನು. ಈ ಮಾತು ತಲೆಯಲ್ಲಿ ಇಟ್ಟುಕೊಂಡು ಮೂರು ಯಂತ್ರಗಳನ್ನೂ ನೋಡಿ.

ಈಗ ಲೆಕ್ಕಕ್ಕೆ ಬರೋಣ. ಮಾರುವವರು ಹೇಳುವ ಅಳತೆಯಲ್ಲಿ ಒಂದು ಗೊಂದಲ ಇದೆ. ನಮ್ಮ ಕಡೆಯ ವರ್ಕ್‌ಶಾಪ್‌ನವರು ಬೆಡ್‌ನ (ಉಳಿದ ಭಾಗಗಳು ಕೂರುವ ಉದ್ದನೆಯ ತಳ) ಪೂರ್ತಿ ಉದ್ದ ಹೇಳುತ್ತಾರೆ, ಜೊತೆಗೆ ಸೆಂಟರ್ ಹೈಟ್ (ಬೆಡ್‌ನಿಂದ ತಿರುಗುವ ನಡುಗೆರೆಗೆ ಇರುವ ಎತ್ತರ) ಹೇಳುತ್ತಾರೆ. ಆಮದು ಯಂತ್ರದವರು ಸ್ವಿಂಗ್ (ತಿರುಗಿಸಬಹುದಾದ ತುಂಡಿನ ಗರಿಷ್ಠ ವ್ಯಾಸ) ಮತ್ತು ಎರಡು ಸೆಂಟರ್‌ಗಳ ನಡುವಿನ ದೂರ ಹೇಳುತ್ತಾರೆ. ಸೆಂಟರ್ ಹೈಟ್ 6 ಇಂಚು ಅಂದರೆ ಸ್ವಿಂಗ್ 12 ಇಂಚು. ನಾಲ್ಕೂವರೆ ಅಡಿ ಬೆಡ್ ಅಂದರೆ ನಾಲ್ಕೂವರೆ ಅಡಿ ಉದ್ದದ ಕೆಲಸ ಹಿಡಿಯುತ್ತದೆ ಅಂತಲ್ಲ. ಹೆಡ್‌ಸ್ಟಾಕ್, ಟೇಲ್‌ಸ್ಟಾಕ್ (ಬೆಡ್‌ನ ಎರಡು ತುದಿಯ ಭಾಗಗಳು; ಮೊದಲನೆಯದು ತುಂಡನ್ನು ತಿರುಗಿಸುತ್ತದೆ, ಎರಡನೆಯದು ಎದುರಿನಿಂದ ಡ್ರಿಲ್ ಹಿಡಿಯುತ್ತದೆ) ಕೂತು ಉಳಿದದ್ದಷ್ಟೇ ನಿಮಗೆ.

ಒಂದು ಸಾಧಾರಣ ಬ್ರಯರ್ (ಪೈಪ್‌ಗೆ ಬಳಸುವ ಮರದ ಗಂಟು) ತುಂಡು ತೆಗೆದುಕೊಳ್ಳಿ. ಉದ್ದ 110 ಮಿಮೀ, ದಪ್ಪ 40 ಮಿಮೀ ಅಂತಿಟ್ಟುಕೊಳ್ಳಿ. ಬಟ್ಟಲಿನ ನಡು ಒಂದು ತುದಿಯಿಂದ 25 ಮಿಮೀ ದೂರದಲ್ಲಿ. ಬಟ್ಟಲು ಕೊರೆಯುವಾಗ ಆ ಬಿಂದುವಿನ ಸುತ್ತ ಇಡೀ ತುಂಡು ತಿರುಗುತ್ತದೆ. ಕುತ್ತಿಗೆಯ ಕಡೆ 85 ಮಿಮೀ ಹೊರಗೆ ಬೀಸುತ್ತದೆ. ಮೂಲೆಯವರೆಗೆ ಅಳೆದರೆ 87 ಚಿಲ್ಲರೆ. ಅಂದರೆ ಸುಮಾರು 175 ಮಿಮೀ ವೃತ್ತ. 7 ಇಂಚಿನ ಮಿನಿ ಲೇತ್‌ನ ಸ್ವಿಂಗ್ ಸುಮಾರು 180. ಬೆಡ್‌ಗೂ ತಿರುಗುವ ಮೂಲೆಗೂ ನಡುವೆ ಎರಡು ಮೂರು ಮಿಮೀ ಜಾಗ! ಆ 180 ಕೂಡ ಬೆಡ್ ಮೇಲಿನ ಅಳತೆ. ಕತ್ತರಿಸುವ ಅಲಗು ಹೊತ್ತು ಸರಿಯುವ ಕ್ಯಾರೇಜ್ ಬೆಡ್‌ಗಿಂತ ಎತ್ತರ, ಅದರ ಮೇಲೆ ಕ್ರಾಸ್ ಸ್ಲೈಡ್. ತುಂಡು ಅದಕ್ಕೆ ಬಡಿಯುತ್ತದೆ. ಕ್ಯಾರೇಜನ್ನು ಬಲಕ್ಕೆ ಸರಿಸಿದರೆ ಟೇಲ್‌ಸ್ಟಾಕ್ ಹತ್ತಿರ ಬರಲು ಅಡ್ಡ.

ಉದ್ದದ ಲೆಕ್ಕ ಇನ್ನೂ ಬಿಗಿ. ಹೊಗೆದಾರಿ ಕೊರೆಯುವಾಗ ಚಕ್ (ತುಂಡು ಹಿಡಿಯುವ ಭಾಗ) ಮತ್ತು ಅದರ ಜಾ (ದವಡೆ) ಸೇರಿ ಸುಮಾರು 80 ಮಿಮೀ. ಜಾದಿಂದ ಹೊರಗೆ ಚಾಚಿದ ತುಂಡು 80. ಡ್ರಿಲ್ ಬಿಟ್ ಹೊರಗಿರಬೇಕಾದದ್ದು 90. ಡ್ರಿಲ್ ಚಕ್ ಸುಮಾರು 90. ಕೂಡಿಸಿದರೆ 340. 12 ಇಂಚು ಅಂದರೆ 305 ಮಿಮೀ. ಆಗುವುದಿಲ್ಲ. ಗಿಡ್ಡ ಬಿಟ್‌ನಲ್ಲಿ ಅರ್ಧ ಕೊರೆದು, ಆಮೇಲೆ ಉದ್ದದ ಬಿಟ್ ತೂತಿನೊಳಗೆ ತೂರಿಸಿ ಮುಂದುವರಿಸುವ ಉಪಾಯಗಳಿವೆ. ಪ್ರತಿ ಪೈಪ್‌ಗೂ ಹೀಗೆ ಸರ್ಕಸ್ ಮಾಡಲು 66 ಸಾವಿರ ಕೊಡಬೇಕಾ? ಅದೇ ಜಾತಿಯ 14 ಇಂಚಿನ ಯಂತ್ರದಲ್ಲಿ ಉದ್ದದ ತೊಂದರೆ ಹೆಚ್ಚುಕಡಿಮೆ ತೀರುತ್ತದೆ. ಸ್ವಿಂಗ್ ತೊಂದರೆ ಹಾಗೇ ಉಳಿಯುತ್ತದೆ.

"ಚೀನಾ ಮಾಲು, ಅದಕ್ಕೇ ಬೇಡ" ಅಂತ ನಾನು ಹೇಳುತ್ತಿಲ್ಲ. ಚಿಕ್ಕ ಮಿನಿ ಲೇತ್‌ನಲ್ಲಿ ಸ್ಟೆಮ್‌ನ ಟೆನನ್ (ಕುತ್ತಿಗೆಯ ತೂತಿಗೆ ಕೂರುವ ತುದಿ), ಪೆನ್ನು, ಉಂಗುರ ಎಲ್ಲ ಚಂದ ಬರುತ್ತವೆ. ಸ್ವಲ್ಪ ಬಿಚ್ಚಿ, ಶುಚಿಮಾಡಿ, ಗಿಬ್ (ಜಾರುವ ಭಾಗದ ಆಟ ತಗ್ಗಿಸುವ ಪಟ್ಟಿ) ಬಿಗಿ ಮಾಡಿದರೆ ಬಹಳ ನಿಖರವಾದ ಕೆಲಸ ಕೊಡುತ್ತದೆ. ನಿಮ್ಮ ತುಂಡಿಗೆ ಅದರ ಹೊಟ್ಟೆ ಸಾಲದು, ಅಷ್ಟೇ. ಇನ್ನೊಂದು ಮಾತು ಮಲೆನಾಡಿನದು. ಇಂಥ ಯಂತ್ರಗಳ ವೇಗ ನಡೆಸುವುದು ಒಂದು ಎಲೆಕ್ಟ್ರಾನಿಕ್ ಬೋರ್ಡ್. ನಮ್ಮಲ್ಲಿ ವೋಲ್ಟೇಜ್ ಏರಿಳಿತ ಎಷ್ಟು, ಏಪ್ರಿಲ್–ಮೇ ಗುಡುಗು ಸಿಡಿಲು ಎಷ್ಟು ಅಂತ ನಿಮಗೆ ನಾನು ಹೇಳಬೇಕಿಲ್ಲ. ಬೋರ್ಡ್ ಹೋದರೆ ತೀರ್ಥಹಳ್ಳಿಯಲ್ಲಿ ರಿಪೇರಿ ಆಗುವುದು ಕಷ್ಟ.

ಹಳೇ ಲೇತ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮನಸ್ಸು ಅಲ್ಲೇ ಎಳೆಯುತ್ತದೆ. ನಮ್ಮ ಸೀಮೆಗೆ ಲೇತ್ ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಬಂತು, ಬೆಂಗಳೂರಿನಲ್ಲಿ ಎಚ್‌ಎಂಟಿ 1953ರಲ್ಲಿ. ಆ ಕಾಲದ ಲೇತ್‌ಗಳ ಎರಕ, ಬೆಡ್‌ನ ಗಟ್ಟಿತನ ಕಂಡರೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತದೆ. ಹಾಗಂತ ಭಾರ ಇದ್ದದ್ದೆಲ್ಲ ನಿಖರ ಅಂತ ನಂಬಬೇಡಿ. ಲೇತ್‌ನ ಬೆಡ್ ಸವೆಯುವುದು ಚಕ್‌ನ ಹತ್ತಿರದ ಒಂದಡಿಯಲ್ಲಿ. ಎಲ್ಲರ ಕೆಲಸವೂ ಅಲ್ಲೇ ನಡೆದಿರುತ್ತದೆ. ನಿಮ್ಮ ಪೈಪ್ ಕೆಲಸ ಪೂರ್ತಿ ನಡೆಯುವುದೂ ಅಲ್ಲೇ.

ನೋಡಲು ಹೋದಾಗ ಹೊಸ ಪೇಂಟ್‌ಗೆ ಮರುಳಾಗಬೇಡಿ. ಕ್ಯಾರೇಜನ್ನು ಚಕ್ ಹತ್ತಿರ ತಂದು ಆಟ ಇಲ್ಲದಂತೆ ಗಿಬ್ ಬಿಗಿ ಮಾಡಿ. ಆಮೇಲೆ ಟೇಲ್‌ಸ್ಟಾಕ್ ಕಡೆಗೆ ತಿರುಗಿಸುತ್ತಾ ಹೋಗಿ. ದೂರ ಹೋದಂತೆ ಬಿಗಿಯಾಗಿ ನಿಂತುಬಿಟ್ಟರೆ ಬೆಡ್ ಸವೆದಿದೆ ಅಂತಲೇ ಅರ್ಥ. ಚಕ್ ಕೆಳಗೆ ಒಂದು ಮರದ ಕೋಲು ಕೊಟ್ಟು ಮೇಲಕ್ಕೆ ಮೀಟಿ ನೋಡಿ, ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜ್‌ನ ಮುಳ್ಳು ಎಷ್ಟು ಓಡುತ್ತದೆ ಅಂತ. ಓಡಿದರೆ ಬೇರಿಂಗ್ ಖರ್ಚು. ಎರಡೂ ಕಡೆ ಸೆಂಟರ್ ಹಾಕಿ, ಮೊನೆಗೆ ಮೊನೆ ತಂದು, ನಡುವೆ ಒಂದು ತೆಳು ಸ್ಟೀಲ್ ಪಟ್ಟಿ ಹಿಡಿಯಿರಿ. ಎರಡು ಮೊನೆಯೂ ನೇರ ಇದ್ದರೆ ಪಟ್ಟಿ ನೆಟ್ಟಗೆ ನಿಲ್ಲುತ್ತದೆ, ಇಲ್ಲದಿದ್ದರೆ ವಾಲುತ್ತದೆ. ಟೇಲ್‌ಸ್ಟಾಕ್ ಪಕ್ಕಕ್ಕೆ ಸರಿದಿದ್ದರೆ ಸ್ಕ್ರೂನಲ್ಲಿ ಸರಿಮಾಡಬಹುದು. ತಗ್ಗಿದ್ದರೆ ಶಿಮ್ (ತೆಳು ತಗಡು) ಕೊಟ್ಟು ಎತ್ತಬಹುದು. ಮೋಟರ್, ಬೆಲ್ಟ್, ಸ್ವಿಚ್ ಯಾವುದೂ ದೊಡ್ಡ ಮಾತಲ್ಲ. ಸವೆದ ಬೆಡ್ ಮಾತ್ರ ನಿಮ್ಮ ಬಜೆಟ್‌ನಲ್ಲಿ ಸರಿಯಾಗುವುದಿಲ್ಲ. ಗೇರ್‌ಬಾಕ್ಸ್‌ನಲ್ಲಿ ಎಷ್ಟು ಥ್ರೆಡ್ ಕತ್ತರಿಸುತ್ತದೆ ಅಂತ ಮಾರುವವರು ಬಹಳ ವಿವರಿಸುತ್ತಾರೆ. ಪೈಪ್‌ಗೆ ಅದರ ಕೆಲಸವೇ ಇಲ್ಲ.

ಈ ಪರೀಕ್ಷೆಗಳಲ್ಲಿ ಪಾಸಾದರೂ ಅದನ್ನು ನಿಮ್ಮ ಮನೆಗೆ ತರಲು ನಾನು ಒಪ್ಪುವುದಿಲ್ಲ. ಅಷ್ಟು ದೊಡ್ಡ ಲೇತ್‌ನ ತೂಕ ನೂರಾರು ಕಿಲೋ, ಕೆಲವದ್ದು ಟನ್ನಿಗೂ ಮೇಲೆ. ಕ್ರೇನ್, ಲಾರಿ, ಕಾಂಕ್ರೀಟ್ ತಳ ಎಲ್ಲ ಬೇಕು. ತೋಟದ ಮನೆಗೆ ಇಳಿಯುವ ರಸ್ತೆ ನೆನಪು ಮಾಡಿಕೊಳ್ಳಿ. 60 ಸಾವಿರದ ಯಂತ್ರ ಶೆಡ್‌ನಲ್ಲಿ ಕೂರುವ ಹೊತ್ತಿಗೆ ನಿಮ್ಮ 70 ಮುಗಿದಿರುತ್ತದೆ. ಚಕ್, ಬಿಟ್, ಬ್ರಯರ್ ಯಾವುದಕ್ಕೂ ಕಾಸು ಉಳಿಯುವುದಿಲ್ಲ.

ತ್ರೀ ಫೇಸ್ ಬಗ್ಗೆ ಹೇಳಿದಿರಿ. ಪಂಪ್‌ಸೆಟ್‌ಗೆ ಕೊಟ್ಟ ಲೈನಿನಿಂದ ಲೇತ್ ಓಡಿಸಬೇಡಿ. ಅದು ನೀರಾವರಿಗೆ ಅಂತ ಸರ್ಕಾರ ಉಚಿತವಾಗಿ ಕೊಡುವ ಸಂಪರ್ಕ. ಬೇರೆ ಕೆಲಸಕ್ಕೆ ಬಳಸಿದರೆ ಮೆಸ್ಕಾಂನವರು ದಂಡ ಹಾಕಬಹುದು, ಸಂಪರ್ಕವನ್ನೇ ಕತ್ತರಿಸಬಹುದು. ಅದೂ ಅಲ್ಲದೆ ಅಲ್ಲಿ ಕರೆಂಟ್ ಬರುವುದು ದಿನದ ಕೆಲವೇ ಗಂಟೆ. ಮುಂದೆ ಎಂದಾದರೂ ಚಿಕ್ಕ ತ್ರೀ ಫೇಸ್ ಲೇತ್ ಸಿಕ್ಕರೆ ವಿಎಫ್‌ಡಿ ಹಾಕಿಸಿ. ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುತ್ತದೆ, ವೇಗವೂ ಕೈಯಲ್ಲಿ ಇರುತ್ತದೆ. ಒಂದು ಎಚ್ಚರಿಕೆ: ಅದು ಕೊಡುವುದು 230 ವೋಲ್ಟ್‌ನ ತ್ರೀ ಫೇಸ್. ನಮ್ಮ ಚಿಕ್ಕ ಮೋಟರ್‌ಗಳು ಸಾಮಾನ್ಯವಾಗಿ 415 ವೋಲ್ಟ್‌ಗೆ ಸ್ಟಾರ್ ಆಗಿ ಕಟ್ಟಿರುತ್ತವೆ. ಅದನ್ನು ಡೆಲ್ಟಾ ಮಾಡಿಸಿಕೊಳ್ಳಬೇಕು. ಪಂಪ್ ಮೋಟರ್ ರೀವೈಂಡಿಂಗ್ ಮಾಡುವವರಿಗೆ ಇದು ಗೊತ್ತಿರುವ ಕೆಲಸ.

ಉಳಿದದ್ದು ಮರಗೆಲಸದ ಲೇತ್. 12 ಇಂಚು ಸ್ವಿಂಗ್ ಅಂದರೆ ನಮ್ಮ 175 ಮಿಮೀ ತುಂಡು ಆರಾಮವಾಗಿ ತಿರುಗುತ್ತದೆ. 18 ಇಂಚು ಅಂದರೆ ಸುಮಾರು 457 ಮಿಮೀ, 340ಕ್ಕೆ ಬೇಕಾದಷ್ಟು ಜಾಗ. ಮೆಟಲ್ ಲೇತ್ ಇಲ್ಲದಿದ್ದರೆ ಆಗುವುದೇ ಇಲ್ಲ ಅಂತ ಹೇಳಿದವರ ಮಾತಿನಲ್ಲೂ ಒಂದು ನಿಜ ಇದೆ. ಕ್ಯಾರೇಜ್ ಇದ್ದರೆ ಕುತ್ತಿಗೆಯ ಮುಖ ಒಂದೇ ಸಲಕ್ಕೆ ಚಪ್ಪಟೆ ಬರುತ್ತದೆ, ಟೆನನ್ ಅಳತೆಗೆ ಸರಿಯಾಗಿ ಬರುತ್ತದೆ. ಇವೆರಡಕ್ಕೂ ಬೇರೆ ದಾರಿ ಇದೆ. ಮುಖ ಚಪ್ಪಟೆ ಮಾಡಲು 8 ಮಿಮೀ ಗೂಟ ಇರುವ ಫೇಸಿಂಗ್ ಕಟರ್ ಸಾಕು. ಗೂಟ ತೂತಿನೊಳಗೆ ಕೂರುತ್ತದೆ, ಅಲಗು ಮುಖ ಹೆರೆಯುತ್ತದೆ. ಅಂಥದ್ದನ್ನು ಶಿವಮೊಗ್ಗದ ಯಾವುದೇ ಒಳ್ಳೆಯ ಟರ್ನರ್ ಮಾಡಿಕೊಡುತ್ತಾರೆ. ಟೆನನ್‌ಗೆ 8 ಮಿಮೀ ಡೆಲ್ರಿನ್ (ಒಂದು ಗಟ್ಟಿ ಪ್ಲಾಸ್ಟಿಕ್) ರಾಡ್ ತನ್ನಿ. ಸ್ಟೆಮ್‌ನಲ್ಲಿ 8 ಮಿಮೀ ತೂತು ಕೊರೆದು ಅದನ್ನು ಅಂಟಿಸಿದರೆ ಟೆನನ್ ಸಿದ್ಧ, ಕಡೆಯುವುದೇ ಬೇಕಿಲ್ಲ. ಡೆಲ್ರಿನ್‌ಗೆ ಅಂಟು ಸುಲಭವಾಗಿ ಹಿಡಿಯುವುದಿಲ್ಲ. ಅದರ ಮೈ ಒರಟು ಮಾಡಿ, ಸುತ್ತ ಗೆರೆ ಕೊರೆದು ಎಪಾಕ್ಸಿ ಹಾಕಿ. ಸ್ಟೆಮ್‌ಗೆ ಎಬೊನೈಟ್ (ಗಟ್ಟಿ ರಬ್ಬರ್) ಹುಡುಕಿ. ನಮ್ಮ ದೇಶದಲ್ಲಿ ಎಬೊನೈಟ್ ಇಂಕ್ ಪೆನ್ನು ಕಡೆಯುವವರು ಇವತ್ತಿಗೂ ಇದ್ದಾರೆ. ರಾಡ್ ಸಿಗುವ ದಾರಿ ಅವರಿಗೆ ಗೊತ್ತಿರುತ್ತದೆ. ಬಾಯಲ್ಲಿ ಇಟ್ಟುಕೊಳ್ಳುವ ವಸ್ತು, ಹಾಗಾಗಿ ಕಾರ್ಖಾನೆ ಬಳಕೆಯ ಮಾಲು ಬೇಡ.

ಈಗ ಹಿಡಿತದ ವಿಷಯ. ನನ್ನ ಪ್ರಕಾರ ಇಡೀ ಪೈಪ್ ಕೆಲಸದ ಜಾಣತನ ಇರುವುದು ಇಲ್ಲೇ. ಮೂರು ಜಾ ಚಕ್ ಚೌಕ ತುಂಡನ್ನು ಹಿಡಿಯುವುದಿಲ್ಲ, ಅದನ್ನು ಮರೆತುಬಿಡಿ. ಮರಗೆಲಸದ ನಾಲ್ಕು ಜಾ ಸ್ಕ್ರೋಲ್ ಚಕ್ ಕೊಂಡು, ಎದುರುಬದುರಿನ ಎರಡು ಜಾ ತೆಗೆದುಬಿಡಿ. ಉಳಿದ ಎರಡಕ್ಕೆ ಉದ್ದನೆಯ ಚಪ್ಪಟೆ ದವಡೆ ಮಾಡಿಸಿ ಹಾಕಿ. ಚಕ್ ತಿರುಗಿಸಿದಾಗ ಎರಡೂ ದವಡೆ ಸಮನಾಗಿ ನಡುವಿಗೆ ಬರುತ್ತವೆ. ಅಂದರೆ ತುಂಡಿನ ದಪ್ಪದ ನಡುಗೆರೆ ತಾನಾಗೇ ಲೇತ್‌ನ ನಡುಗೆರೆಗೆ ಕೂರುತ್ತದೆ. ಹೊಗೆದಾರಿ ಕೊರೆದು, ತುಂಡನ್ನು ತಿರುಗಿಸಿ ಹಿಡಿದು, ಬಟ್ಟಲು ಕೊರೆದರೂ ಅದೇ ನಡುಗೆರೆ. ಹಾಗಾಗಿ ಎರಡು ತೂತು ಪಕ್ಕಕ್ಕೆ ತಪ್ಪಿಹೋಗಲು ಅವಕಾಶವೇ ಕಡಿಮೆ. ಮೇಲೆ ಕೆಳಗೆ ಎಷ್ಟು ಅನ್ನುವುದನ್ನು ಮಾತ್ರ ನೀವು ಪೆನ್ಸಿಲ್ ಗೆರೆ ನೋಡಿ, ಟೇಲ್‌ಸ್ಟಾಕ್ ಮೊನೆಗೆ ಸೇರಿಸಿ ಹೊಂದಿಸಬೇಕು. ಇದಕ್ಕೆ ಒಂದೇ ಷರತ್ತು. ತುಂಡಿನ ಎರಡು ಮಗ್ಗುಲು ಒಂದಕ್ಕೊಂದು ಸಮಾನಾಂತರ ಇರಬೇಕು. ಕೊರೆಯುವ ಮೊದಲು ಅವನ್ನು ಸರಿಮಾಡುವುದಕ್ಕೆ ಎಷ್ಟು ಹೊತ್ತು ಕೊಟ್ಟರೂ ನಷ್ಟವಿಲ್ಲ.

ಅಂಗಡಿಯಲ್ಲಿ ಏನು ನೋಡಬೇಕು? ಬೆಡ್ ಎರಕದ್ದೇ ಇರಬೇಕು. ತಗಡು ಬಾಗಿಸಿದ ಬೆಡ್, ಪೈಪಿನ ಬೆಡ್ ಎರಡೂ ಬೇಡ. ಸ್ಪಿಂಡಲ್ (ತಿರುಗುವ ದಂಡ), ಟೇಲ್‌ಸ್ಟಾಕ್ ಎರಡರಲ್ಲೂ ಎಂಟಿ2 ಟೇಪರ್ (ಬಿಡಿಭಾಗ ಕೂರುವ ಇಳಿಜಾರು ತೂತಿನ ಒಂದು ಅಳತೆ) ಇರಲಿ. ಸ್ಪಿಂಡಲ್‌ನ ಥ್ರೆಡ್ ಏನು ಅಂತ ಬರೆದುಕೊಳ್ಳಿ. ಎಂ33 ಇಂಟು 3.5 ಅಥವಾ 1 ಇಂಚಿಗೆ 8 ಥ್ರೆಡ್ ಆದರೆ ಚಕ್ ಸುಲಭವಾಗಿ ಸಿಗುತ್ತದೆ. ಯಾವುದೋ ವಿಚಿತ್ರ ಥ್ರೆಡ್ ಇದ್ದರೆ ಬಿಡಿ. ಟೇಲ್‌ಸ್ಟಾಕ್‌ನ ಕ್ವಿಲ್ (ಹಿಂದೆ ಮುಂದೆ ಸರಿಯುವ ಕೊಳವೆ) ಕನಿಷ್ಠ 50–60 ಮಿಮೀ ಹೊರಗೆ ಬರಲಿ, ಪೂರ್ತಿ ಹೊರಬಂದಾಗ ಅಲ್ಲಾಡಬಾರದು. ಕನಿಷ್ಠ ವೇಗ 500 ಆರ್‌ಪಿಎಂ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಬೋರ್ಡ್ ಇರುವ ವೇರಿಯಬಲ್ ಮೋಟರ್‌ಗಿಂತ ಬೆಲ್ಟ್ ಬದಲಿಸುವ ಇಂಡಕ್ಷನ್ ಮೋಟರ್ ನಮ್ಮ ಊರಿಗೆ ಒಳ್ಳೆಯದು. ಕೆಪಾಸಿಟರ್ ಹೋದರೆ ಪಂಪ್ ರಿಪೇರಿಯವರೇ ಹಾಕಿಕೊಡುತ್ತಾರೆ.

ಆಮೇಲೆ ಒಂದು ಪರೀಕ್ಷೆ. ಒಣ ಮರದ ತುಂಡು, 4 ಮಿಮೀ ಬಿಟ್ ನೀವೇ ತೆಗೆದುಕೊಂಡು ಹೋಗಿ. ಮೊದಲು ಸೆಂಟರ್ ಡ್ರಿಲ್‌ನಲ್ಲಿ ಗುಳಿ ಮಾಡಿಸಿ. ಆಮೇಲೆ ಟೇಲ್‌ಸ್ಟಾಕ್‌ನಿಂದ 80 ಮಿಮೀ ಆಳ ಕೊರೆಸಿ, ನಡುನಡುವೆ ಬಿಟ್ ಹೊರತೆಗೆದು ಪುಡಿ ಬೀಳಿಸುತ್ತಾ. ತುಂಡನ್ನು ಉದ್ದಕ್ಕೆ ಸೀಳಿ ನೋಡಿ. ತೂತಿನ ಬಾಯಿ ಅಗಲವಾಗಿ ಒಳಗೆ ಹೋದಂತೆ ಕಿರಿದಾಗಿದ್ದರೆ ಟೇಲ್‌ಸ್ಟಾಕ್ ನೇರ ಇಲ್ಲ. ಅಂಗಡಿಯವರು ಇಷ್ಟಕ್ಕೆ ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ. 28 ಸಾವಿರ ಕೊಡುವವರಿಗೆ ಇಷ್ಟು ಕೇಳುವ ಹಕ್ಕಿದೆ.

ದುಡ್ಡನ್ನು ಹೀಗೆ ಹಂಚಿ, ಇದು ನನ್ನ ಅಂದಾಜು. ಲೇತ್‌ಗೆ 28 ಸಾವಿರ. ಚಕ್ ಮತ್ತು ಮಾಡಿಸಿದ ದವಡೆಗೆ 10. ಡ್ರಿಲ್ ಚಕ್, ಬಿಟ್, ಫೇಸಿಂಗ್ ಕಟರ್‌ಗೆ 4. ಡಯಲ್ ಗೇಜ್ ಮತ್ತು ಸ್ಟ್ಯಾಂಡ್‌ಗೆ 2. ಬೆಲ್ಟ್ ಅಥವಾ ಡಿಸ್ಕ್ ಸ್ಯಾಂಡರ್‌ಗೆ 8. ಸ್ಟೆಬಿಲೈಸರ್‌ಗೆ 4. ಮುಖದ ಶೀಲ್ಡ್, ಮಾಸ್ಕ್‌ಗೆ 2. ಬ್ರಯರ್, ಎಬೊನೈಟ್‌ಗೆ 10. ಒಟ್ಟು 68 ಸಾವಿರ. ಬಟ್ಟಲು ಕೊರೆಯುವ ವಿಶೇಷ ಬಿಟ್ ದುಬಾರಿ. ಹಾರ್ಡ್‌ವೇರ್ ಅಂಗಡಿಯ 20 ಮಿಮೀ ಚಪ್ಪಟೆ ಬಿಟ್ ತಂದು, ತುದಿಯನ್ನು ಗ್ರೈಂಡರ್‌ನಲ್ಲಿ ಅರ್ಧಗೋಳದ ಆಕಾರಕ್ಕೆ ಉಜ್ಜಿಕೊಳ್ಳಿ. ಎರಡು ಅಂಚೂ ಸಮ ಇರಲಿ. ಇಲ್ಲದಿದ್ದರೆ ತೂತು 20ರ ಬದಲು 21 ಬರುತ್ತದೆ.

ಅಪಾಯದ ಮಾತೂ ಆಗಬೇಕು. ಬಟ್ಟಲು ಕೊರೆಯುವಾಗ ಬೀಸುವ ಕುತ್ತಿಗೆ ಕಣ್ಣಿಗೆ ಕಾಣುವುದೇ ಇಲ್ಲ, ಮಂಜಿನ ಹಾಗೆ ಇರುತ್ತದೆ. ಬೆರಳು ಅಲ್ಲಿ ಹೋದರೆ ಮುರಿಯುತ್ತದೆ. ಸ್ವಿಚ್ ಹಾಕುವ ಮೊದಲು ಪ್ರತಿ ಸಲ ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. ಪಂಚೆ, ಉದ್ದ ತೋಳಿನ ಅಂಗಿ, ಗ್ಲೌಸ್ ಯಾವುದೂ ಲೇತ್ ಹತ್ತಿರ ಬೇಡ. ತುಂಡು ಹಾರಿದರೆ ಹೋಗುವ ದಿಕ್ಕಿನಲ್ಲಿ ನಿಲ್ಲಬೇಡಿ. ತೂಕ ಒಂದೇ ಕಡೆ ಇರುವುದರಿಂದ ಯಂತ್ರ ನಡುಗುತ್ತದೆ. ಬೆಂಚನ್ನು ನೆಲಕ್ಕೆ ಬಿಗಿದು, ಕೆಳಗೆ ಎರಡು ಮರಳು ಚೀಲ ಇಡಿ. ಮರದ ಪುಡಿಯೂ ಸಣ್ಣ ವಿಷಯವಲ್ಲ. ವರ್ಷಗಟ್ಟಲೆ ಉಸಿರಾಡಿದರೆ ಮೂಗಿನ ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಮೂಗಿಗೆ ಟವೆಲ್ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಹಾಕಿ.

ಬೀಟೆ, ಶಿವನಿ ಮರದ ಬಗ್ಗೆ. ಶಿವನಿ ನಮ್ಮ ಸಾಗರ, ಸೊರಬದ ಗುಡಿಗಾರರ ಕೈಯಲ್ಲಿ ದೇವರಾಗುತ್ತದೆ. ಆದರೆ ಅದು ಮೆತ್ತನೆಯ, ಹಗುರ ಮರ, ಬಟ್ಟಲಿನ ಬೆಂಕಿಗೆ ಕರಿಯಾಗಿ ಸುಡುತ್ತದೆ. ಬೀಟೆ ಗಟ್ಟಿ ನಿಜ. ಅದರ ಎಣ್ಣೆಯಂಥ ಸಾರ, ಪುಡಿ ಹಲವರಿಗೆ ಚರ್ಮ ಮತ್ತು ಉಸಿರಿನ ಅಲರ್ಜಿ ತರುತ್ತದೆ. ಬಿಸಿಯಾಗಿ ಹೊಗೆಯ ಜೊತೆ ಒಳಗೆ ಹೋಗುವ ಜಾಗದಲ್ಲಿ ಅದು ಬೇಡ. ಅರಣ್ಯ ಇಲಾಖೆಯ ಕಾನೂನು ಬೇರೆ ಇದೆ. ಕಾಸರಕ, ಹೊಲಗೇರು, ಕಣಗಿಲೆಯಂಥ ಮರಗಳನ್ನು ಅಭ್ಯಾಸಕ್ಕೂ ಮುಟ್ಟಬೇಡಿ. ಕಾಸರಕ, ಕಣಗಿಲೆ ವಿಷ, ಹೊಲಗೇರಿನ ಸೊನೆ ಮೈ ಸುಡುತ್ತದೆ. ಅಭ್ಯಾಸಕ್ಕೆ ಒಣಗಿದ ಹುಣಸೆ, ಪೇರಲೆ, ಕಿತ್ತುಹಾಕಿದ ಕಾಫಿ ಗಿಡದ ಬುಡ ಸಾಕು. ಕೊರೆಯುವುದು, ಕಡೆಯುವುದು, ಉಜ್ಜುವುದು ಎಲ್ಲ ಕಲಿಯಬಹುದು. ಆ ಪೈಪ್‌ಗಳನ್ನು ಸೇದಲು ಕೊಡಬೇಡಿ.

ಮಾರುವ ಪೈಪ್‌ಗೆ ಬ್ರಯರೇ. ಅದು ಮೆಡಿಟರೇನಿಯನ್ ಸುತ್ತಲಿನ ಒಣ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಅರ್ಬೋರಿಯಾ ಎಂಬ ಗಿಡದ ಬುಡದ ಗಂಟು. ಫ್ರಾನ್ಸ್‌ನ ಸೇಂಟ್ ಕ್ಲೋಡ್ ಊರಿನ ಮರಕಡೆಯುವವರು 19ನೇ ಶತಮಾನದ ನಡುವಿನಿಂದ ಇದರಲ್ಲಿ ಪೈಪ್ ಮಾಡಿ ಹೆಸರಾದರು. ಗಂಟನ್ನು ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ನಿಧಾನವಾಗಿ ಒಣಗಿಸಿರುತ್ತಾರೆ. ಬಿಸಿ ತಡೆಯುವ, ತೇವ ಹೀರುವ, ಸುಲಭಕ್ಕೆ ಸೀಳದ ಗುಣ ಅದಕ್ಕಿದೆ. ಸುಂಕ, ಸಾಗಾಟ ಸೇರಿ ತುಂಡಿಗೆ ಸಾವಿರಗಟ್ಟಲೆ ಬೀಳುತ್ತದೆ. ಹಾಗಾಗಿ ಸ್ಥಳೀಯ ಮರದಲ್ಲಿ ಕೈ ಕೂತ ಮೇಲೆಯೇ ಅದನ್ನು ತೆಗೆಯಿರಿ. ಯಾವ ಪೈಪ್ ಆದರೂ, ಎಷ್ಟೇ ಚಂದ ಮಾಡಿದರೂ, ಹೊಗೆಯಿಂದ ಬಾಯಿ, ಗಂಟಲ ಕ್ಯಾನ್ಸರ್‌ನ ಅಪಾಯ ಇದ್ದೇ ಇದೆ. ಸಿಗರೇಟಿಗಿಂತ ವಾಸಿ ಅಂತ ಹೇಳಿ ಯಾರಿಗೂ ಮಾರಬೇಡಿ.

ಕೊನೆಗೆ ಮಳೆ. ಆಗುಂಬೆಯ ಪಕ್ಕದಲ್ಲೇ ಇರುವ ನಿಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೆಲ್ಲ ನೀರೇ. ಬೆಡ್‌ಗೆ ಎಣ್ಣೆ ಹಚ್ಚಿದರೆ ಮರಕ್ಕೆ ಕಲೆ ಆಗುತ್ತದೆ, ಮೇಣ ಹಚ್ಚಿ ಒರೆಸಿ. ಲೇತ್ ಮೇಲೆ ಪ್ಲಾಸ್ಟಿಕ್ ಬಿಗಿದು ಮುಚ್ಚಬೇಡಿ, ಒಳಗೆ ಬೆವರುತ್ತದೆ. ಒಂದು ಮರದ ಪೆಟ್ಟಿಗೆ ಮುಚ್ಚಿ, ಒಳಗೆ ಹಳೇ ಕಾಲದ 40 ವ್ಯಾಟ್ ಬಲ್ಬ್ ಉರಿಸಿ. ಎಲ್‌ಇಡಿ ಬಿಸಿಯಾಗುವುದಿಲ್ಲ, ಅದರಿಂದ ಪ್ರಯೋಜನ ಇಲ್ಲ. ಬಲ್ಬ್ ಯಾವುದಕ್ಕೂ ತಾಗದಂತೆ ತಂತಿ ಜಾಲರಿ ಹಾಕಿ.

ಬ್ರಯರ್ ತುಂಡನ್ನು ಬಂದ ಕೂಡಲೇ ಕೊರೆಯಬೇಡಿ. ಮನೆಯೊಳಗೆ ಕೆಲವು ತಿಂಗಳು ಬಿಡಿ. ಒಲೆಯ ಮೇಲಿನ ಅಟ್ಟದಲ್ಲಿ, ಅಡಿಕೆ ಡ್ರೈಯರ್‌ನಲ್ಲಿ ಮಾತ್ರ ಇಡಬೇಡಿ, ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಉಬ್ಬಿದ ಮರದಲ್ಲಿ ಕೊರೆದ ತೂತು ಬೇಸಿಗೆಯಲ್ಲಿ ಮರದ ಜೊತೆ ತಾನೂ ಕುಗ್ಗುತ್ತದೆ. ಜುಲೈನಲ್ಲಿ ಬಿಗಿಯಾಗಿ ಕೂರಿಸಿದ ಟೆನನ್ ಮಾರ್ಚ್‌ನಲ್ಲಿ ಕುತ್ತಿಗೆಯನ್ನೇ ಸೀಳಬಹುದು. ಮಳೆಯಲ್ಲಿ ಮಾಡಿದ್ದಕ್ಕೆ ಟೆನನ್ ಒಂದು ಕೂದಲೆಳೆ ಸಡಿಲ ಇರಲಿ. ಆಗದಿದ್ದರೆ ಮಳೆಗಾಲಕ್ಕೆ ಸ್ಟೆಮ್ ಕೆಲಸ, ಅರದ ಕೆಲಸ ಇಟ್ಟುಕೊಂಡು, ಕೊರೆಯುವುದನ್ನು ಡಿಸೆಂಬರ್‌ಗೆ ಬಿಡಿ.

ಸದ್ಯ ದುಡ್ಡು ಹಾಕಲು ಇನ್ನೂ ಧೈರ್ಯ ಬರದಿದ್ದರೆ ಇನ್ನೊಂದು ದಾರಿ ಇದೆ. ಗೆರೆ ಎಳೆದ ತುಂಡುಗಳನ್ನು ಶಿವಮೊಗ್ಗಕ್ಕೆ ತೆಗೆದುಕೊಂಡು ಹೋಗಿ, ನಾಲ್ಕು ಜಾ ಚಕ್ ಇರುವ ಟರ್ನರ್ ಹತ್ತಿರ ಕೂಲಿ ಕೊಟ್ಟು ಕೊರೆಸಿಕೊಳ್ಳಿ. ಬೆಡ್ ಮೇಲೆ ಕಾಗದ ಹಾಸಲು, ಮರದ ಪುಡಿ ನೀವೇ ಗುಡಿಸಲು ಒಪ್ಪಿಕೊಳ್ಳಿ. ಎಣ್ಣೆಯಲ್ಲಿ ಪುಡಿ ಸೇರುವುದು ಅವರಿಗೆ ಇಷ್ಟವಾಗುವುದಿಲ್ಲ. ಪಕ್ಕದಲ್ಲೇ ನಿಂತು ನೋಡಿ. ಅಲ್ಲಿ ಕಲಿತದ್ದು ಬೆಂಗಳೂರಿನ ಅಂಗಡಿಯಲ್ಲಿ ಲೇತ್ ಮುಟ್ಟಿ ನೋಡುವಾಗ ಕೆಲಸಕ್ಕೆ ಬರುತ್ತದೆ. ಆ 80 ಮಿಮೀ ಪರೀಕ್ಷೆ ಮಾಡಿಸಿದಾಗ ತೂತಿನ ಬಾಯಿ ಎಷ್ಟು, ತಳ ಎಷ್ಟು ಅಂತ ಅಳೆದು ಬರೆಯಿರಿ. ಶಿಮ್‌ನಲ್ಲಿ ಸರಿಹೋಗುವಂಥದ್ದಾ, ಯಂತ್ರವನ್ನೇ ಬಿಡಬೇಕಾದದ್ದಾ ಅಂತ ನೋಡಿ ಹೇಳುತ್ತೇನೆ.